ಹೊಸ್ತಿಲು ದಾಟುವ ಸೇವೆ: ಕುರ್ಲಾ ಮತ್ತು ಸಂತ ವಿನ್ಸೆಂಟ್ ದ ಪೌಲ್ ಸಭೆ

ಸಂತ ವಿನ್ಸೆಂಟ್ ದ ಪೌಲ್ ಸಭೆ ಕಥೋಲಿಕ ಗೃಹಸ್ಥರ ಸೇವಾ ಸಂಘಟನೆ. ಅದನ್ನು ನಡೆಸುವವರು ಪಾದ್ರಿಗಳಲ್ಲ, ಸನ್ಯಾಸಿನಿಯರೂ ಅಲ್ಲ. ಕಚೇರಿಗೆ ಹೋಗುವವರು, ಶಿಕ್ಷಕಿಯರು, ನಿವೃತ್ತರು. 1833ರ ಏಪ್ರಿಲ್ 23ರಂದು ಪ್ಯಾರಿಸ್‌ನಲ್ಲಿ ಅದು ಹುಟ್ಟಿದಾಗ ಮುಂದಾಳು ಫ್ರೆಡೆರಿಕ್ ಓಜಾನಾಮ್‌ಗೆ ಅಂದೇ 20 ತುಂಬಿತ್ತು. ಹಿಂದಿನ ವರ್ಷವಷ್ಟೇ ಕಾಲರಾ ಆ ನಗರವನ್ನು ಹಿಂಡಿತ್ತು. ನಿಮ್ಮ ಧರ್ಮ ಈಗ ಬಡವರಿಗೇನು ಮಾಡುತ್ತಿದೆ ಎಂದು ಓರಗೆಯ ವಿದ್ಯಾರ್ಥಿಗಳು ಕೇಳಿದ್ದಕ್ಕೆ ಓಜಾನಾಮ್ ವಾದ ಹೂಡಲಿಲ್ಲ. ಗೆಳೆಯರೊಂದಿಗೆ ಬಡವರಿದ್ದ ಮೂಫ್ತಾರ್ ಕೇರಿಗೆ ಹೋದ. ಬಡವರ ಮನೆಯೊಳಗೆ ಹೇಗೆ ಹೋಗಬೇಕು, ಹೇಗೆ ಕೂತು ಕೇಳಬೇಕು ಎಂಬುದನ್ನು ಅವರಿಗೆ ಕಲಿಸಿದವರು ಅಲ್ಲಿದ್ದ ಸಿಸ್ಟರ್ ರೊಸಾಲಿ ರಾಂದ್ಯು. ಸಭೆ ಹೆಸರು ಪಡೆದದ್ದು 17ನೇ ಶತಮಾನದ ಸಂತನಿಂದ. ಅದರ ನಡೆನುಡಿಯೆಲ್ಲ ಆ ಕೇರಿಯದು.

ಪ್ರತಿ ಇಗರ್ಜಿಯ ಮಟ್ಟದಲ್ಲಿ ಒಂದು ಘಟಕ. ಸದಸ್ಯರು ತಪ್ಪದೆ ಸೇರುತ್ತಾರೆ, ಪ್ರಾರ್ಥಿಸುತ್ತಾರೆ, ಹಿಂದಿನ ಭೇಟಿಗಳ ವರದಿ ಕೇಳುತ್ತಾರೆ. ಕೊನೆಗೆ ಒಂದು ಚೀಲ ಕೈಯಿಂದ ಕೈಗೆ ಸಾಗುತ್ತದೆ. ಯಾರು ಎಷ್ಟು ಹಾಕಿದರೆಂದು ಪಕ್ಕದವರಿಗೂ ತಿಳಿಯುವುದಿಲ್ಲ. ಆಮೇಲೆ ಇಬ್ಬಿಬ್ಬರಾಗಿ ಮನೆಗಳಿಗೆ ಹೊರಡುತ್ತಾರೆ. ಅಕ್ಕಿ, ಔಷಧಿ, ಶಾಲೆಯ ಫೀಸು ಕೊಡುವುದುಂಟು; ಜಾತಿ ಮತ ಕೇಳುವುದಿಲ್ಲ. ಶ್ರೀಮಂತ ದೇಶದ ಘಟಕವೊಂದು ಭಾರತದ ಘಟಕದೊಂದಿಗೆ ಜೋಡಿಯಾಗಿ ನೆರವು ಕಳಿಸುವ ಪದ್ಧತಿಯೂ ಇದೆ.

ಕರಾವಳಿಯ ಕನ್ನಡಿಗರಿಗೆ ಕಥೋಲಿಕ ಸೇವೆ ಎಂದೊಡನೆ ನೆನಪಾಗುವುದು ಮಂಗಳೂರಿನ ಕಂಕನಾಡಿ. ಫಾದರ್ ಮುಲ್ಲರ್ ಅಲ್ಲಿ 1880ರಲ್ಲಿ ಹೋಮಿಯೋಪಥಿ ಔಷಧಾಲಯ ತೆರೆದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಅಲ್ಲಿ ನೊಂದವರು ಸಂಸ್ಥೆಯ ಬಾಗಿಲಿಗೆ ಬಂದರು. ವಿನ್ಸೆಂಟರ ಸಭೆಯಲ್ಲಿ ದಾರಿ ತಿರುವುಮುರುವು: ಹೋಗಬೇಕಾದವರು ಕೊಡುವವರು.

ಮುಂಬಯಿಯ ಕುರ್ಲಾದಂಥ ಊರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಪೋರ್ಚುಗೀಸರ ಕಾಲದಲ್ಲಿ ಕಟ್ಟಿ 1848ರಲ್ಲಿ ಮತ್ತೆ ನಿರ್ಮಿಸಿದ ಹೋಲಿ ಕ್ರಾಸ್ ಇಗರ್ಜಿ ಇಲ್ಲಿದೆ. ಅದರ ಸುತ್ತ ಈಸ್ಟ್ ಇಂಡಿಯನ್ ಎನಿಸಿಕೊಂಡ ಸ್ಥಳೀಯ ಕ್ರೈಸ್ತರ ಹಳೆಯ ಹಳ್ಳಿ ಬೆಳೆದಿತ್ತು. 1886ರಲ್ಲಿ ಜಮ್ಷೇಟ್‌ಜೀ ಟಾಟಾ ಇಲ್ಲಿನ ಧರಮ್ಸಿ ಗಿರಣಿಯನ್ನು ಕೊಂಡು ಸ್ವದೇಶಿ ಮಿಲ್ಲು ಮಾಡಿದರು. ಮುಂದೆ ಪ್ರೀಮಿಯರ್ ಕಾರಿನ ಕಾರ್ಖಾನೆಯೂ ಬಂತು. ಎರಡೂ ಬಾಗಿಲು ಹಾಕಿದವು. ದುಡಿಯಲು ಬಂದವರ ಮಕ್ಕಳು ಚಾಳುಗಳಲ್ಲಿ, ಮಿಠಿ ನದಿಯ ದಂಡೆಯ ಝೋಪಡಪಟ್ಟಿಗಳಲ್ಲಿ ಉಳಿದರು. ಇಂಥ ಕಡೆ ಬಡತನವೆಂದರೆ ಬರಿ ಹಸಿವಲ್ಲ. ವಿಳಾಸದ ಕಾಗದವಿಲ್ಲದವನಿಗೆ ರೇಶನ್ ಕಾರ್ಡು ಕಷ್ಟ. ಡಿಪಾಜಿಟ್ ಇಲ್ಲದವನಿಗೆ ಖೋಲಿ, ಅಂದರೆ ಬಾಡಿಗೆ ಕೋಣೆ, ಸಿಗದು. ಕಾಯಿಲೆ ಬಿದ್ದ ಮುದುಕಿ ಮಾಳಿಗೆ ಇಳಿಯಲಾರದೆ ನೆರೆಹೊರೆಯ ಲೆಕ್ಕದಿಂದಲೇ ಹೊರಗುಳಿಯುತ್ತಾಳೆ. ಸಾಲಿನಲ್ಲಿ ನಿಲ್ಲಲಾಗದ ಇಂಥವರನ್ನು ಅನ್ನದಾನದ ಪಂಕ್ತಿ ತಲುಪುವುದಿಲ್ಲ. ತಲುಪುವುದು ಬಾಗಿಲು ತಟ್ಟುವ ಕೈ ಮಾತ್ರ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮಿಠಿ ಉಕ್ಕಿತು. ಅಂಥ ಹೊತ್ತಿನಲ್ಲಿ ಯಾವ ಖೋಲಿಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂಬುದು ಸರಕಾರಿ ಪಟ್ಟಿಗಿಂತ ಮೊದಲು ಗೊತ್ತಿರುವುದು ಆ ಮನೆಗೆ ಹೋಗಿ ಬರುತ್ತಿದ್ದವರಿಗೆ.

ಭೇಟಿಯಿಂದ ಕೂಲಿ ಹೆಚ್ಚದು, ಮುಚ್ಚಿದ ಮಿಲ್ಲು ತೆರೆಯದು ಎಂಬ ಆಕ್ಷೇಪ ನ್ಯಾಯವಾದದ್ದೇ. ಓಜಾನಾಮ್‌ಗೂ ಅದು ತಿಳಿದಿತ್ತು. ದಾರಿಹೋಕನ ಗಾಯಕ್ಕೆ ದಯೆ ಎಣ್ಣೆ ಹಚ್ಚುತ್ತದೆ, ಹಲ್ಲೆಯನ್ನೇ ತಡೆಯಬೇಕಾದದ್ದು ನ್ಯಾಯ ಎಂಬುದು ಅವನ ನಿಲುವು. ದುಡಿಮೆಗೆ ತಕ್ಕ ಕೂಲಿಯ ಬಗ್ಗೆ ಅವನು ಲಿಯೋನ್‌ನಲ್ಲಿ ಪಾಠ ಹೇಳಿದ್ದ. 1848ರಲ್ಲಿ ಚುನಾವಣೆಗೂ ನಿಂತು ಸೋತ. ತೀರಿಕೊಂಡಾಗ ಅವನಿಗೆ 40 ವರ್ಷ. 1997ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಪ್ಯಾರಿಸ್‌ನಲ್ಲೇ ಅವನನ್ನು ಧನ್ಯನೆಂದು ಸಾರಿದರು.

ಸಭೆ ಇಂದು 150ಕ್ಕೂ ಹೆಚ್ಚು ದೇಶಗಳಲ್ಲಿದೆ. ಸದಸ್ಯರು ಸುಮಾರು 8 ಲಕ್ಷ. ಮನೆಗಳಿಗೆ ಹೋಗುವ ಈ ಸದಸ್ಯರಿಗೆ ಸಂಬಳವಿಲ್ಲ.