ಮನದ ಕಾಯಿಲೆಗೆ ಪೂರ್ವಜನ್ಮದ ಲೆಕ್ಕ ಬೇಡ

(ರಾಬರ್ಟ್‌ಸನ್‌ಪೇಟೆಯ ಮಾಸಿಕ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ನಾನು ವೈದ್ಯನಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸರ್ಕಾರಿ ಎಂಜಿನಿಯರಾಗಿ ವಿದ್ಯುತ್ ಉಪಕೇಂದ್ರಗಳ ನಡುವೆ ಓಡಾಡಿದವನು. ಆದರೂ ಈ ವಿಷಯವನ್ನು ನಾನೇ ಕೇಳಿ ಪಡೆದೆ. ಕಾರಣ ನನ್ನ ತಮ್ಮ.

2001ರ ಫೆಬ್ರವರಿ 28ರಂದು ಇಲ್ಲಿನ ಚಿನ್ನದ ಗಣಿ ಮುಚ್ಚಿತು. ಅವನು ವರ್ಕ್‌ಶಾಪಿನಲ್ಲಿ ಫಿಟ್ಟರ್. ಊರಿನ ಎಷ್ಟೋ ಜನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿನಲ್ಲಿ ಕೆಲಸ ಹಿಡಿದರು. ಇವನು ಹಿಡಿಯಲಿಲ್ಲ. "ಅಣ್ಣಾ, ಮತ್ತೆ ತೆಗೀತಾರಂತೆ" ಎನ್ನುತ್ತಿದ್ದ. ಎರಡು ವರ್ಷ ಅದೇ ಮಾತು. ಆಮೇಲೆ ಮಾತೂ ನಿಂತಿತು, ಊಟ ಇಳಿಯಿತು, ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುವನು. ಮನೆಯವರು ಜಾತಕ ತೋರಿಸಿದರು, ತಾಯತ ಕಟ್ಟಿಸಿದರು. ಪೂರ್ವಜನ್ಮದ ಪಾಪ ಎಂದರು ಒಬ್ಬರು. ಬಸವಣ್ಣನವರ ಭಾವಚಿತ್ರದ ಕೆಳಗೇ ಕೂತು ಜಾತಕ ಬಿಡಿಸಿದ್ದು! ವಿಜ್ಞಾನ ಓದಿದ ನಾನೇನು ಮಾಡಿದೆ? "ಗಂಡಸಾಗಿ ಹೀಗೆ ಕೂರ್ತೀಯಾ, ಧೈರ್ಯ ತಗೋ" ಎಂದು ಗದರಿದೆ. ತಾಯತವಾದರೂ ಅವನನ್ನು ನೋಯಿಸಿರಲಿಲ್ಲ.

ನಿವೃತ್ತಿಯ ನಂತರ ರ‍್ಯಾಂಡಾಲ್ಫ್ ನೆಸ್ಸೆ ಎಂಬ ಅಮೆರಿಕದ ಮನೋವೈದ್ಯರ ವಿಚಾರಗಳನ್ನು ಓದಿದೆ. ಜೀವವಿಜ್ಞಾನಿ ಜಾರ್ಜ್ ವಿಲಿಯಮ್ಸ್ ಜೊತೆ 1994ರಲ್ಲಿ ಅವರು ಪುಸ್ತಕ ಬರೆದರು. ಅವರ ಪ್ರಶ್ನೆ ನೇರವಾದದ್ದು: ಲಕ್ಷಾಂತರ ವರ್ಷ ತಿದ್ದಿಕೊಂಡು ಬಂದ ಈ ದೇಹ ಇಷ್ಟು ಸುಲಭವಾಗಿ ಕಾಯಿಲೆ ಬೀಳುವುದೇಕೆ? ಜ್ವರ, ಕೆಮ್ಮು, ವಾಂತಿ ಬಹುಮಟ್ಟಿಗೆ ದೇಹದ ರಕ್ಷಣೆಗಳೇ. ಭಯವೂ ಹಾಗೆಯೇ.

ಇದು ನನಗೆ ತಕ್ಷಣ ಹಿಡಿಸಿತು, ಏಕೆಂದರೆ ನನ್ನ ಕೆಲಸವೇ ರಿಲೇ. ರಿಲೇ ಸುಮ್ಮನೆ ಟ್ರಿಪ್ ಆದರೆ ಹತ್ತು ನಿಮಿಷ ಕರೆಂಟ್ ಇಲ್ಲ, ಜನ ಬೈಯುತ್ತಾರೆ. ನಿಜವಾದ ದೋಷಕ್ಕೆ ಟ್ರಿಪ್ ಆಗದಿದ್ದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಆದ್ದರಿಂದ ಅದನ್ನು ಸ್ವಲ್ಪ ಸೂಕ್ಷ್ಮವಾಗಿಯೇ ಇಡುತ್ತೇವೆ. ನೆಸ್ಸೆ ಇದನ್ನೇ ಹೊಗೆ ಕಂಡರೆ ಕೂಗುವ ಯಂತ್ರದ ಹೋಲಿಕೆಯಲ್ಲಿ ಹೇಳುತ್ತಾರೆ. ನಮ್ಮೂರಿಗೆ ಹೋಲಿಕೆ ಹುಡುಕಬೇಕಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ, ಬಂಡೆ ಸಿಡಿಯುವುದು ಅಲ್ಲಿ ಹೊಸತಲ್ಲ. ಸಣ್ಣ ಸದ್ದಿಗೂ ಹಿಂದೆ ಸರಿದವನು ನೂರು ಸಲ ಸುಮ್ಮನೆ ಸರಿದಿರಬಹುದು. ನಿಜವಾಗಿ ಸಿಡಿದ ದಿನ ಬದುಕಿದವನು ಅವನೇ. ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವವರನ್ನು ಹೇಡಿ ಎನ್ನಬೇಡಿ.

ಕುಗ್ಗಿದ ಮನಸ್ಸಿನ ಬಗ್ಗೆ ಅವರು ಹೇಳುವುದು ಇನ್ನೂ ಚರ್ಚೆಯಲ್ಲಿದೆ, ಆದರೆ ನನ್ನನ್ನು ಬಹಳ ತಟ್ಟಿದ್ದು ಅದೇ. ನೀರು ಬರದ ಬಾವಿಯನ್ನು ತೋಡುತ್ತಲೇ ಇದ್ದರೆ ರಟ್ಟೆ ಸೋಲುತ್ತದೆ. ಮನಸ್ಸೂ ಕೈಗೆಟುಕದ ಗುರಿಯಿಂದ ಹಿಂದೆಗೆ ಎಂದು ಹುರುಪನ್ನು ಇಳಿಸುತ್ತದಂತೆ. ಗುರಿ ಬಿಡಲಾಗದೆ, ತಲುಪಲೂ ಆಗದೆ ಸಿಕ್ಕಿಕೊಂಡವನ ಕುಗ್ಗು ಆಳವಾಗುತ್ತ ಹೋಗುತ್ತದೆ. ತಮ್ಮ ಗಣಿ ತೆರೆಯಲೆಂದು ಕಾಯುತ್ತಿದ್ದ. ನಾನು ಅದನ್ನು ಸೋಮಾರಿತನ ಎಂದುಕೊಂಡಿದ್ದೆ.

ಹಾಗೆಂದು ಎಲ್ಲ ಖಿನ್ನತೆಯೂ ಒಳ್ಳೆಯದಕ್ಕೇ ಎಂದು ತಿಳಿಯಬೇಡಿ. ಜ್ವರ ರಕ್ಷಣೆಯೇ, ನೆತ್ತಿಗೇರಿದರೆ ಮದ್ದು ಬೇಕು. ಕೆಲವೊಮ್ಮೆ ರಿಲೇಯೇ ಕೆಟ್ಟಿರುತ್ತದೆ. ಕೊನೆಗೆ ತಮ್ಮನನ್ನು ಬೆಂಗಳೂರಿಗೆ ಕರೆದೊಯ್ದೆವು. ಅಲ್ಲಿನ ಡಾಕ್ಟರು ಹಿಂದಿನ ಜನ್ಮ ಕೇಳಲಿಲ್ಲ. ನಿದ್ದೆ ಕೇಳಿದರು, ಊಟ ಕೇಳಿದರು, "ಯಾವುದಕ್ಕೆ ಕಾಯ್ತಾ ಇದೀರಾ?" ಎಂದೂ ಕೇಳಿದರು. ಮಾತ್ರೆ ಹಿಡಿಯಲು ಕೆಲವು ವಾರ ಬೇಕಾಯಿತು. ಈಗ ಅವನು ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಆ ಕಾಯಕವೂ ಚಿಕಿತ್ಸೆಯ ಭಾಗವಾಯಿತು, ಆದರೆ ಮಾತ್ರೆಯ ಬದಲಿಗಲ್ಲ.

ಪೂಜ್ಯರಲ್ಲಿ ಒಂದು ಬಿನ್ನಹ. ಸರ್ಕಾರದ ಟೆಲಿ ಮಾನಸ್ 2022ರಿಂದ ಇದೆ. 14416ಕ್ಕೆ ಕರೆ ಮಾಡಿದರೆ ಉಚಿತವಾಗಿ, ಕನ್ನಡದಲ್ಲೇ ಮಾತನಾಡಿಸುತ್ತಾರೆ. ಆ ಸಂಖ್ಯೆಯನ್ನು ದಾಸೋಹದ ಬಾಗಿಲಲ್ಲಿ, ಕೈ ತೊಳೆಯುವ ನಲ್ಲಿಯ ಮೇಲೆ ದೊಡ್ಡದಾಗಿ ಬರೆಸಬೇಕು. ಬಣ್ಣದ ಖರ್ಚು ನನ್ನದು.