ಮೆಲುದನಿಯ ರಾಕ್ಷಸ



ವಿಜ್ಞಾನ ಕಲ್ಪನೆಯ ಶ್ರವ್ಯ ನಾಟಕಗಳ ಬಗ್ಗೆ ಹದಿನೈದು ನಿಮಿಷ ಮಾತಾಡಿ ಅಂತ ಆಕಾಶವಾಣಿ ನಿಲಯದವರು ಕರೆದಿದ್ದಾರೆ. ಸಂತೇಬೆನ್ನೂರಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನಿಗೆ ಹದಿನೈದು ನಿಮಿಷ ಅಂದರೆ ಹಾಜರಿ ಕೂಗುವುದಕ್ಕೇ ಸಾಲದು. ಇರಲಿ, ಶುರುಮಾಡೋಣ.

ರೇಡಿಯೋ ನಾಟಕ ಅಂದರೇನು ಅಂತ ನಿಮಗೆ ವಿವರಿಸಬೇಕಾಗಿಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಪ್ರಸಾರ ಆರಂಭಿಸಿದ್ದು, 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, 1965ರಲ್ಲಿ ನಮ್ಮ ಭದ್ರಾವತಿ ನಿಲಯ ಬಂದದ್ದು, ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳು. ಯಮುನಾ ಮೂರ್ತಿಯವರ ದನಿ ಕೇಳಿ ಕಣ್ಣು ಒರೆಸಿಕೊಂಡವರು, ಎ.ಎಸ್. ಮೂರ್ತಿಯವರ ಈರಣ್ಣನ ಮಾತಿಗೆ ನಕ್ಕವರು ಈಗಲೂ ಊರೂರಲ್ಲಿ ಇದ್ದಾರೆ. ತೆಂಗಿನ ಚಿಪ್ಪು ಕುಟ್ಟಿದರೆ ಕುದುರೆ ಓಡುತ್ತದೆ, ತಗಡು ಅಲ್ಲಾಡಿಸಿದರೆ ಗುಡುಗುತ್ತದೆ. ಅಷ್ಟೇ ಬಂಡವಾಳ. ಉಳಿದದ್ದೆಲ್ಲ ಕೇಳುವವನ ತಲೆಯೊಳಗೆ ನಡೆಯುವ ಕೆಲಸ.

ವಿಜ್ಞಾನ ಕಲ್ಪನೆಯ ಕಾಲಯಾನವೂ ನಮಗೆ ಹೊಸದಲ್ಲ. ಎಚ್.ಜಿ. ವೆಲ್ಸ್ 1895ರಲ್ಲಿ ಕಾಲಯಂತ್ರದ ಕಾದಂಬರಿ ಬರೆದ, ನಿಜ. ಆದರೆ ಭಾಗವತದ ಕಕುದ್ಮಿ ರಾಜ ಯಾವ ಯಂತ್ರವೂ ಇಲ್ಲದೆ ಹೋಗಿ ಬಂದವನು. ಮಗಳು ರೇವತಿಗೆ ತಕ್ಕ ಗಂಡು ಯಾರು ಅಂತ ಕೇಳುವುದಕ್ಕೆ ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಹಾಡುಗಾರಿಕೆ ನಡೆಯುತ್ತಿತ್ತು. ಮುಗಿಯಲಿ ಅಂತ ಸ್ವಲ್ಪ ಹೊತ್ತು ಕಾದ. ಅಷ್ಟರಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗ ಕಳೆದುಹೋಗಿ, ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಗಂಡುಗಳ ಹೆಸರು ಹೇಳುವವರೂ ಉಳಿದಿರಲಿಲ್ಲ. ಕೊನೆಗೆ ಬಲರಾಮನಿಗೆ ಕೊಟ್ಟು ಮದುವೆ ಮಾಡಿದ. ಸಂಗೀತ ಕಛೇರಿ ಲಂಬಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಭಾಷಣಕ್ಕೂ ಅನ್ವಯಿಸುತ್ತದೆ ಅಂತ ಗಾಜಿನ ಆಚೆ ಕೂತಿರುವ ನಿರ್ಮಾಪಕರು ನಗುತ್ತಿದ್ದಾರೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನನ್ನು ಹಿಡಿದು ಕೂರಿಸಿದ್ದು ಒಬ್ಬ ನಟ. ಅವರ ಹೆಸರು ಗೇಬ್ರಿಯಲ್ ವುಲ್ಫ್. ಇಂಗ್ಲೆಂಡಿನವರು, 1932ರಲ್ಲಿ ಹುಟ್ಟಿದವರು, ರೇಡಿಯೋದಲ್ಲಿ ಪಳಗಿದ ಕಂಠ. 1975ರಲ್ಲಿ ಬಿಬಿಸಿ ಟೆಲಿವಿಷನ್ನಿನ ಕಾಲಯಾನದ ಧಾರಾವಾಹಿ ‘ಡಾಕ್ಟರ್ ಹೂ’ದಲ್ಲಿ ‘ಪಿರಮಿಡ್ಸ್ ಆಫ್ ಮಾರ್ಸ್’ ಅನ್ನುವ ನಾಲ್ಕು ಕಂತಿನ ಕಥೆ ಬಂತು. ಅದರಲ್ಲಿ ಸುತೇಖ್ ಅನ್ನುವ ಪುರಾತನ ದುಷ್ಟಶಕ್ತಿ. ಈಜಿಪ್ಟಿನ ಪಿರಮಿಡ್ಡಿನ ಕೆಳಗೆ ಏಳು ಸಾವಿರ ವರ್ಷದಿಂದ ಬಂದಿ. ಮೈ ಅಲ್ಲಾಡಿಸಲಾರ, ಎದ್ದು ನಿಲ್ಲಲಾರ, ಮುಖಕ್ಕೆ ಮುಖವಾಡ. ಕಣ್ಣು, ಹುಬ್ಬು, ಕೈಕಾಲು, ನಟನಿಗೆ ಬೇಕಾದ ಯಾವ ಸಾಧನವೂ ವುಲ್ಫ್ ಅವರ ಪಾಲಿಗೆ ಇರಲಿಲ್ಲ. ಉಳಿದದ್ದು ಗಂಟಲೊಂದೇ. ಆ ಗಂಟಲನ್ನು ಅವರು ಎತ್ತರಿಸಲಿಲ್ಲ, ತಗ್ಗಿಸಿದರು.

ನಾವು ಬೆಳೆದದ್ದು ಕಂಪನಿ ನಾಟಕ ನೋಡಿಕೊಂಡು. ದಾವಣಗೆರೆ ಅಂದರೆ ಚಿಂದೋಡಿ ವೀರಪ್ಪನವರು, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ನೆಲ. ಅಲ್ಲಿ ಖಳನಾಯಕ ಬಂದ ಅಂದರೆ ಡೇರೆಯ ಹಿಂದಿನ ಸಾಲಿನಲ್ಲಿ ಮಲಗಿದ್ದ ಮಗುವೂ ಎದ್ದು ಕೂರಬೇಕು. ಬಯಲಾಟದ ರಾಕ್ಷಸ ಪಾತ್ರದ್ದಂತೂ ರಂಗಕ್ಕೆ ಬರುವ ಮೊದಲೇ ಆರ್ಭಟ ಕೇಳುತ್ತದೆ. ಅದು ತಪ್ಪಲ್ಲ. ಬಯಲಲ್ಲಿ, ಸಾವಿರ ಜನರ ಮುಂದೆ, ದುಷ್ಟತನಕ್ಕೆ ಗಟ್ಟಿ ದನಿಯೇ ಬೇಕು. ರೇಡಿಯೋ ಹಾಗಲ್ಲ. ಇಲ್ಲಿ ಕೇಳುವವನು ಒಬ್ಬನೇ, ಮಾತಾಡುವವನು ಅವನ ಕಿವಿಯ ಪಕ್ಕದಲ್ಲೇ. ಪಕ್ಕದಲ್ಲಿ ಕೂತವನು ಅರಚಿದರೆ ಸಿಟ್ಟು ಬರುತ್ತದೆ. ಮೆಲ್ಲಗೆ, ಸಾವಕಾಶವಾಗಿ, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಅನ್ನುವಂತೆ ಮಾತಾಡಿದರೆ ಭಯ ಆಗುತ್ತದೆ.

ಇದೇ ಮಾತಿಗೆ ಸೇರಿದ ಒಂದು ತಮಾಷೆ ಇದೆ. ಆ 1975ರ ಟೆಲಿವಿಷನ್ ಕಥೆಯಲ್ಲಿ ಏಳು ಸಾವಿರ ವರ್ಷದ ಬಂಧನ ಕಳಚಿ ಸುತೇಖ್ ಸಿಂಹಾಸನದಿಂದ ಏಳುತ್ತಾನೆ. ಮೈ ನಡುಗಬೇಕಾದ ಘಳಿಗೆ. ಅವನು ಏಳುವಾಗ ಕೂತಿದ್ದ ದಿಂಬೂ ಜೊತೆಗೆ ಎದ್ದು ಬರದಿರಲಿ ಅಂತ ಹಿಂದಿನಿಂದ ಯಾರೋ ದಿಂಬನ್ನು ಹಿಡಿದುಕೊಂಡಿದ್ದಾರೆ. ಆ ಕೈ ತೆರೆಯ ಮೇಲೆ ಕಾಣಿಸಿಬಿಟ್ಟಿದೆ! ಕಾಣುವ ಮಾಧ್ಯಮದ ಕಷ್ಟವೇ ಇದು. ಕಿವಿಗೆ ಆ ಕೈ ಕಾಣುವುದಿಲ್ಲ, ಸಿಂಹಾಸನ ಮಾತ್ರ ಕಾಣುತ್ತದೆ.

ಮೂವತ್ತು ವರ್ಷದ ಮೇಲೆ, 2005ರಿಂದ 2009ರವರೆಗೆ, ಮ್ಯಾಜಿಕ್ ಬುಲೆಟ್ ಅನ್ನುವ ಸಂಸ್ಥೆ ಆರು ಶ್ರವ್ಯ ನಾಟಕಗಳ ಒಂದು ಸರಣಿ ತಂದಿತು. ಹೆಸರು ‘ದಿ ಟ್ರೂ ಹಿಸ್ಟರಿ ಆಫ್ ಫ್ಯಾಕ್ಷನ್ ಪ್ಯಾರಡಾಕ್ಸ್’, ಬರೆದವರು ಲಾರೆನ್ಸ್ ಮೈಲ್ಸ್. ಅದರಲ್ಲಿ ಸುತೇಖನ ಪಾತ್ರಕ್ಕೆ ಮತ್ತೆ ವುಲ್ಫ್ ಅವರೇ. ಇಂಗ್ಲೆಂಡಿನಲ್ಲಿದ್ದ ನನ್ನ ಅಕ್ಕನ ಮಗ, ಮಾವನ ರೇಡಿಯೋ ಹುಚ್ಚು ಗೊತ್ತಿದ್ದವನು, ಆ ಸಿ.ಡಿ.ಗಳನ್ನು ತಂದುಕೊಟ್ಟ.

ಫ್ಯಾಕ್ಷನ್ ಪ್ಯಾರಡಾಕ್ಸ್ ಅಂದರೆ ಕಾಲದಲ್ಲಿ ಓಡಾಡುವವರ ಒಂದು ಪಂಗಡ. ನೀವು ಹಿಂದಿನ ಕಾಲಕ್ಕೆ ಹೋಗಿ ನಿಮ್ಮ ತಾತನನ್ನು ಮದುವೆಗೆ ಮೊದಲೇ ಮುಗಿಸಿಬಿಟ್ಟರೆ ನೀವು ಹುಟ್ಟಿದ್ದು ಹೇಗೆ, ಹುಟ್ಟದಿದ್ದರೆ ಮುಗಿಸಿದ್ದು ಯಾರು, ಅನ್ನುವ ಹಳೆಯ ಒಗಟು ಇದೆಯಲ್ಲ, ಆ ತಾತನನ್ನೇ ಇವರು ಮೂಲಪುರುಷ ಅಂತ ಇಟ್ಟುಕೊಂಡಿದ್ದಾರೆ. ಮೂಳೆಯ ಮುಖವಾಡ ಹಾಕುತ್ತಾರೆ. ಇವರ ಕೈಯಲ್ಲಿ ಆಯುಧ ಇರುವುದಿಲ್ಲ, ನೆರಳಿನ ಕೈಯಲ್ಲಿ ಇರುತ್ತದೆ. ಇದನ್ನು ಸಿನಿಮಾದಲ್ಲಿ ತೋರಿಸಲು ಎಷ್ಟು ಖರ್ಚಾದೀತು ಲೆಕ್ಕ ಹಾಕಿ. ಶ್ರವ್ಯ ನಾಟಕದಲ್ಲಿ ಒಂದು ಮಾತು, ಒಂದು ಸದ್ದು, ಮುಗಿಯಿತು. ನನಗೆ ಇನ್ನೂ ಇಷ್ಟವಾದದ್ದು ಇವರು ಒಬ್ಬರನ್ನೊಬ್ಬರು ಕರೆಯುವ ರೀತಿ. ಪದವಿಗಳೆಲ್ಲ ನೆಂಟಸ್ತಿಕೆಯ ಹೆಸರುಗಳು: ಅಪ್ಪ, ಅಮ್ಮ, ದಾಯಾದಿ. ನಾಯಕಿಯರು ಕಸಿನ್ ಜಸ್ಟೀನ್, ಕಸಿನ್ ಎಲಿಜಾ. ನಮ್ಮ ಮನೆಯಲ್ಲಿ ಅವರು ಜಸ್ಟೀನಕ್ಕ, ಎಲಿಜಕ್ಕ ಆಗಿಹೋಗಿದ್ದಾರೆ. ಈ ಅಕ್ಕಂದಿರು ಹೋಗಿ ಸಿಕ್ಕಿಹಾಕಿಕೊಳ್ಳುವುದು ಸುತೇಖನ ಮನೆತನದ ಸಿಂಹಾಸನದ ಜಗಳದಲ್ಲಿ.

ಆ ಜಗಳವೂ ಕಟ್ಟುಕಥೆಯಲ್ಲ, ಅಂದರೆ ಮೈಲ್ಸ್ ಕಟ್ಟಿದ ಕಥೆಯಲ್ಲ. ಈಜಿಪ್ಟಿನ ಪುರಾಣದಲ್ಲಿ ಸೆತ್, ಅಂದರೆ ಇದೇ ಸುತೇಖ್, ಅನ್ನುವ ದೇವತೆ ಅಣ್ಣ ಒಸೈರಿಸ್‌ನನ್ನು ಕೊಲ್ಲುತ್ತಾನೆ. ಅಣ್ಣನ ಮಗ ಹೋರಸ್ ಪಾಲು ಕೇಳುತ್ತಾನೆ. ದೇವತೆಗಳ ಸಭೆಯಲ್ಲಿ ವ್ಯಾಜ್ಯ. ಕ್ರಿಸ್ತಪೂರ್ವ ಸುಮಾರು 1150ರ, ಐದನೆಯ ರಾಮ್ಸೆಸ್ ಕಾಲದ ಪ್ಯಾಪಿರಸ್ ಸುರುಳಿಯೊಂದರಲ್ಲಿ ಇದರ ವಿವರ ಇದೆ. ಕೇಸು ಎಂಬತ್ತು ವರ್ಷ ನಡೆಯಿತಂತೆ! ನಮ್ಮ ಕಡೆ ಜಮೀನಿನ ಕೇಸಿಗೆ ಅಲೆದವರಿಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಲಿಕ್ಕಿಲ್ಲ. ಆದರೆ ಇದೇ ಸೆತ್ ರಾತ್ರಿ ಹೊತ್ತು ಸೂರ್ಯದೇವನ ದೋಣಿಯ ಮುಂದೆ ನಿಂತು, ನುಂಗಲು ಬರುವ ಮಹಾಸರ್ಪವನ್ನು ಹೊಡೆಯುವವನೂ ಹೌದು. ನಮ್ಮ ರಾವಣ ವೀಣೆ ನುಡಿಸುವುದಿಲ್ಲವೇ? ಪಾತಾಳಕ್ಕೆ ತುಳಿಸಿಕೊಂಡ ಬಲೀಂದ್ರನನ್ನು ದೀಪಾವಳಿಗೆ ನಾವೇ ದೀಪ ಹಚ್ಚಿ ಕರೆಯುವುದಿಲ್ಲವೇ? ನೆಲದ ಕೆಳಗೆ ಒಬ್ಬ ಹಳಬ ಕೂತಿದ್ದಾನೆ, ಒಂದು ದಿನ ಮೇಲೆ ಬರುತ್ತಾನೆ ಅನ್ನುವ ಕಥೆ ಕೇಳಲು ನಮ್ಮವರಿಗೆ ಪೀಠಿಕೆ ಬೇಕಿಲ್ಲ.

ಬೇಕಿಲ್ಲ ಅನ್ನುವುದು ನನಗೆ ಖಾತ್ರಿಯಾದದ್ದು ಅಡಿಕೆ ಸುಲಿಯುವ ಕಣದಲ್ಲಿ. ಸುಗ್ಗಿಯಲ್ಲಿ ನಮ್ಮ ಕಡೆ ರಾತ್ರಿ ಎಷ್ಟೊತ್ತಾದರೂ ಹಸಿ ಅಡಿಕೆ ಸುಲಿಯುತ್ತಾರೆ. ಶೀಟಿನ ಚಪ್ಪರ, ಒಂದು ಬಲ್ಬು, ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂತ ಹೆಂಗಸರು, ಆಚೆ ಒಲೆಯ ಮೇಲೆ ಅಡಿಕೆ ಬೇಯುವ ವಾಸನೆ. ಹಿಂದೆಲ್ಲ ಅಲ್ಲಿ ರೇಡಿಯೋ ನಾಟಕ ಕೇಳುತ್ತಿದ್ದರು. ಒಂದು ರಾತ್ರಿ ಕರೆಂಟು ಇದ್ದ ಪುಣ್ಯಕ್ಕೆ ನಾನು ಸಿ.ಡಿ. ಪ್ಲೇಯರ್ ತಂದು ಈ ನಾಟಕ ಹಚ್ಚಿದೆ. ಅವರಿಗೆ ಇಂಗ್ಲಿಷ್ ಬಾರದು. ಮೊದಲು ಅವರ ಪಾಡಿಗೆ ಅವರು ಮಾತಾಡಿಕೊಂಡು ಸುಲಿಯುತ್ತಿದ್ದರು. ಸುತೇಖನ ದನಿ ಬಂತು. ಕತ್ತಿಯ ಮೇಲೆ ಅಡಿಕೆ ಒತ್ತುವ ಕಟ್ ಕಟ್ ಸದ್ದು ಒಂದೊಂದಾಗಿ ನಿಧಾನವಾಯಿತು. ಹಿರಿಯಾಕೆಯೊಬ್ಬರು ತಲೆಯೆತ್ತಿ ಕೇಳಿದರು: “ಯಾರು ಮೇಷ್ಟ್ರೇ ಇವ್ನು? ಬಡ್ಡಿ ಸಾಲ ಕೊಡೋನಂಗೆ ಎಷ್ಟು ಮೆತ್ತಗೆ ಮಾತಾಡ್ತಾನೆ!”

ವಿಮರ್ಶೆ ಅಂದರೆ ಅದು. ನಾನು ಪುಟಗಟ್ಟಲೆ ಬರೆದರೂ ಆ ಮಾತಿನ ಹತ್ತಿರ ಬರುವುದಿಲ್ಲ. ಪಕ್ಕದಲ್ಲಿದ್ದ ಹುಡುಗಿ, “ಅವ್ನು ಹೇಳಿದ್ದಕ್ಕೆಲ್ಲ ಹೂಂ ಅನ್ಬಾರ್ದು ಕಣಜ್ಜಿ” ಅಂದಳು. ಒಂದು ಪದವೂ ಅರ್ಥವಾಗದೆ ಇಬ್ಬರೂ ಪಾತ್ರವನ್ನು ಪೂರ್ತಿ ಓದಿಬಿಟ್ಟಿದ್ದರು. ಆ ರಾತ್ರಿ ನಾನು ಅವರಿಗೆ ಕಥೆ ಹೇಳುತ್ತಾ ಹೋದೆ, ಅವರು ಅದನ್ನು ತಿದ್ದುತ್ತಾ ಹೋದರು. ಜಸ್ಟೀನಕ್ಕ ಯಾಕೆ ಅಷ್ಟು ಬೇಗ ನಂಬಬೇಕಿತ್ತು ಅಂತ ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ನಿರ್ಮಾಪಕರು ಐದು ಬೆರಳು ತೋರಿಸುತ್ತಿದ್ದಾರೆ. ಇನ್ನೂ ಸದ್ದಿನ ಬಗ್ಗೆ ಹೇಳಿಲ್ಲವಲ್ಲ! ಬೇಗ ಹೇಳುತ್ತೇನೆ. 1963ರಲ್ಲಿ ‘ಡಾಕ್ಟರ್ ಹೂ’ ಶುರುವಾದಾಗ ಕಾಲನೌಕೆ ಹೊರಡುವ ಸದ್ದು ಬೇಕಾಯಿತು. ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪಿನ ಬ್ರಯಾನ್ ಹಾಡ್ಜ್‌ಸನ್ ತಮ್ಮ ತಾಯಿಯ ಮನೆಯ ಬೀಗದ ಕೈ ತೆಗೆದುಕೊಂಡು ಒಂದು ಹಳೆಯ ಪಿಯಾನೋದ ಮಂದ್ರದ ತಂತಿಗಳ ಮೇಲೆ ಗೀರಿದರು. ಅದನ್ನು ಟೇಪಿನಲ್ಲಿ ಹಿಡಿದು, ವೇಗ ಬದಲಿಸಿ, ಹಿಂದುಮುಂದು ಮಾಡಿ ಬೆಸೆದರು. ಕಾಲವೇ ಉಸಿರೆಳೆದಂಥ ಸದ್ದು ಬಂತು. ಅರವತ್ತು ವರ್ಷ ದಾಟಿದರೂ ಅದೇ ಸದ್ದು ನಡೆಯುತ್ತಿದೆ. ಒಂದು ಬೀಗದ ಕೈ, ಒಂದು ಮುರುಕು ಪಿಯಾನೋ!

ನಮ್ಮಲ್ಲೂ ಇದು ಆಗದ ಕೆಲಸವೇನಲ್ಲ. 1991ರಿಂದ ಆಕಾಶವಾಣಿ ಮಾನವ ವಿಕಾಸದ ಕಥೆಯನ್ನು 144 ಕಂತಿನ ಧಾರಾವಾಹಿಯಾಗಿ ಹದಿನೆಂಟು ಭಾಷೆಗಳಲ್ಲಿ ಬಿತ್ತರಿಸಿತು. ಕೋಟಿ ವರ್ಷಗಳನ್ನು ರೇಡಿಯೋದೊಳಗೆ ಹಿಡಿಸಿದ್ದು ಸಣ್ಣ ಸಾಹಸವೇ? ಗಿರೀಶ ಕಾರ್ನಾಡರು ಬಿಬಿಸಿ ಕೇಳಿತು ಅಂತ ಟಿಪ್ಪುವಿನ ಕನಸುಗಳ ಮೇಲೆ ನಾಟಕ ಬರೆದರು. ರಂಗಕ್ಕೆ ಬರುವ ಮೊದಲು ಅದು ರೇಡಿಯೋ ನಾಟಕ. ಸತ್ತವನ ಕನಸಿನ ಪುಸ್ತಕ ಹಿಡಿದು ಬದುಕಿದ್ದವರು ಹಿಂದಕ್ಕೆ ಹೋಗುವುದು ಕಾಲಯಾನ ಅಲ್ಲದೆ ಇನ್ನೇನು? ಧಾರವಾಡದ ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವಿಜ್ಞಾನ ಕಥೆಗಳಿಗೆ ದಾರಿ ಹಾಕಿದವರು. ಅವರ ಬಗ್ಗೆ ಪ್ರತ್ಯೇಕ ಭಾಷಣವೇ ಬೇಕು. ತಾಳಮದ್ದಳೆಯ ಮಾತು ಎತ್ತಲೇ ಇಲ್ಲ. ವೇಷವಿಲ್ಲದೆ, ಕೂತಲ್ಲೇ ಕೂತು, ಬರೀ ಮಾತಿನಲ್ಲಿ ರಾವಣನನ್ನು ನಿಲ್ಲಿಸಿದ ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರನ್ನು ಗೇಬ್ರಿಯಲ್ ವುಲ್ಫ್ ಅವರ ಎದುರು ಕೂರಿಸಿ ಕೇಳಬೇಕಿತ್ತು ಅಂತ ನನಗೊಂದು ಆಸೆ ಇತ್ತು. ಹೋಗಲಿ, ಎರಡು ನಿಮಿಷ ಅಂತೆ.

ವುಲ್ಫ್ ಅವರ ಒಂದೇ ಒಂದು ಸಂಗತಿ. 2024ರಲ್ಲಿ ‘ಡಾಕ್ಟರ್ ಹೂ’ದಲ್ಲಿ ಸುತೇಖ್ ಮತ್ತೆ ಬಂದ. ದನಿ ಕೊಟ್ಟದ್ದು ತೊಂಬತ್ತು ದಾಟಿದ ಅದೇ ವುಲ್ಫ್. 1975ರ ದನಿ, 2005ರ ದನಿ, 2024ರ ದನಿ, ಮೂರನ್ನೂ ಒಂದಾದ ಮೇಲೊಂದು ಹಚ್ಚಿ ಕೇಳಿ. ವಯಸ್ಸಾಗಿದೆ, ಆದರೆ ಅವಸರ ಮಾತ್ರ ಎಲ್ಲೂ ಇಲ್ಲ. ನಾನು ಈಗ ಪಡುತ್ತಿರುವ ಅವಸರ ಅವರು ಎಂದೂ ಪಟ್ಟಿಲ್ಲ.

ಕೊನೆಯ ಮಾತು, ಬರೆಯುವ ಹುಡುಗ ಹುಡುಗಿಯರಿಗೆ. ಈಜಿಪ್ಟಿಗೆ ಹೋಗಬೇಡಿ. ಸಂತೇಬೆನ್ನೂರಿಗೆ ಬನ್ನಿ. ಪಾಳೆಯಗಾರ ಹನುಮಪ್ಪ ನಾಯಕನ ಪುಷ್ಕರಣಿ ಇದೆ, ನೀರಿನ ನಡುವೆ ವಸಂತ ಮಂಟಪ ಇದೆ, ಎದುರಿಗೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಕಾಲದ ಮುಸಾಫಿರ್‌ಖಾನೆ ಇದೆ. ಪಕ್ಕದಲ್ಲೇ ಸೂಳೆಕೆರೆ, ಅದನ್ನು ಕಟ್ಟಿಸಿದಳೆನ್ನುವ ಶಾಂತವ್ವನ ಕಥೆ. ಪುಷ್ಕರಣಿಯ ಮೆಟ್ಟಿಲಿಳಿದವಳೊಬ್ಬಳು ಬೇರೆ ಕಾಲದಲ್ಲಿ ಮೇಲೆ ಬಂದರೆ ಏನಾಗುತ್ತದೆ ಅಂತ ಯೋಚಿಸಿ. ಅರ್ಧ ಗಂಟೆ, ನಾಲ್ಕು ಪಾತ್ರ, ಒಂದು ಒಳ್ಳೆಯ ಖಳನಾಯಕ ಸಾಕು. ಸದ್ದುಗಳನ್ನು ನಿಮ್ಮ ಮೊಬೈಲಿನಲ್ಲೇ ಹಿಡಿಯಬಹುದು. ಬರೆದು ಮುಗಿಸಿದ ಮೇಲೆ ನಿಲಯಕ್ಕೆ ಕಳಿಸುವ ಮೊದಲು ಅಡಿಕೆ ಸುಲಿಯುವ ಕಣದಲ್ಲಿ ಒಮ್ಮೆ ಓದಿ. ಅಲ್ಲಿ ಕತ್ತಿಯ ಸದ್ದು ನಿಂತರೆ ನಾಟಕ ಗೆದ್ದಂತೆ. ಮತ್ತೆ, ನಿಮ್ಮ ರಾಕ್ಷಸನ ಕೈಲಿ ದಯವಿಟ್ಟು ಅರಚಿಸಬೇಡಿ.