ಪ್ರವೇಶ ಪರೀಕ್ಷೆ ಮತ್ತು ಗಡಿನಾಡಿನ ವಿದ್ಯಾರ್ಥಿ
(ವಾರ್ಷಿಕೋತ್ಸವದ ವಿದ್ಯಾರ್ಥಿಗೋಷ್ಠಿಯಲ್ಲಿ ಮಾಡಿದ ಭಾಷಣ)

ಪ್ರವೇಶ ಪರೀಕ್ಷೆಗಳನ್ನು ಕುರಿತು ನಾಲ್ಕು ಮಾತುಗಳನ್ನು ಆಡಬೇಕೆಂದು ಕಾರ್ಯಕರ್ತರು ನನಗೆ ಅಪ್ಪಣೆ ಮಾಡಿದ್ದಾರೆ. ನಾಡುನುಡಿಯ ಉತ್ಸವದಲ್ಲಿ ಪರೀಕ್ಷೆಯ ಪ್ರಸ್ತಾಪವೇಕೆ ಎಂದು ಕೆಲವರಿಗೆ ತೋರಬಹುದು. ನಮ್ಮ ಸೀಮೆಯಲ್ಲಿ ಇವೆರಡೂ ಬೇರೆ ಬೇರೆಯಲ್ಲ. 1953ನೆಯ ಇಸವಿ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದುವು. ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಯ ಪಾಲಾದುವು. ಗಡಿಯ ಗೆರೆ ಸರಿಯಿತು. ಮನೆಯ ಮಾತು ಸರಿಯಲಿಲ್ಲ. ಹೊಳಗುಂದ, ಹಾಲಹರವಿ, ಕೌತಾಳಂ ಕಡೆಯ ಹಳ್ಳಿಗಳಲ್ಲಿ ಕನ್ನಡ ಶಾಲೆಗಳು ಉಳಿದುವು. ಆದರೆ ಇಂದು ಮಗುವನ್ನು ಆ ಶಾಲೆಗೆ ಕರೆತರುವ ತಂದೆಯ ಮನಸ್ಸಿನಲ್ಲಿ ಒಂದು ಪ್ರಶ್ನೆಯಿದೆ: "ಇಲ್ಲಿ ಓದಿದರೆ ನಮ್ಮ ಹುಡುಗಿ ಡಾಕ್ಟರಾದಾಳೇ?" ಪ್ರವೇಶ ಪರೀಕ್ಷೆಯ ಫಲಿತಾಂಶವೇ ಇದಕ್ಕೆ ಉತ್ತರವೆಂದು ಊರು ತಿಳಿಯುತ್ತದೆ.

ಆದುದರಿಂದ ಆ ಹುಡುಗಿ ಪರೀಕ್ಷೆಯ ಕೊಠಡಿಗೆ ಒಬ್ಬಳೇ ಹೋಗುವುದಿಲ್ಲ. ಮನೆಯ ಸಾಲ, ತಮ್ಮತಂಗಿಯರ ಓದು, ಶಾಲೆಯ ಹೆಸರು, ಕನ್ನಡದ ಮಾನ, ಎಲ್ಲವೂ ಅವಳೊಡನೆ ಹೋಗಿ ಮೇಜಿನ ಮುಂದೆ ಕುಳಿತುಕೊಳ್ಳುತ್ತವೆ. ನನ್ನ ಅರಿಕೆ ಇಷ್ಟೆ: ಈ ಹೊರೆಯಲ್ಲಿ ಪರೀಕ್ಷೆಯದು ಸ್ವಲ್ಪ ಪಾಲು, ನಾವು ಹೊರಿಸಿದ್ದು ಹೆಚ್ಚಿನ ಪಾಲು. ಪರೀಕ್ಷೆಯದನ್ನು ವಿದ್ಯಾರ್ಥಿ ಹೊರಲಿ. ಉಳಿದುದನ್ನು ನಾವು ಇಳಿಸೋಣ.

ಮೊದಲು ಪರೀಕ್ಷೆಯ ಪಾಲನ್ನು ನೋಡೋಣ. ವೈದ್ಯಕೀಯ ಪ್ರವೇಶದ 'ನೀಟ್' ಪರೀಕ್ಷೆಯಲ್ಲಿ 180 ಪ್ರಶ್ನೆಗಳು, ಮೂರು ಗಂಟೆಗಳ ಕಾಲ, ಒಟ್ಟು 720 ಅಂಕಗಳು. ಸರಿಯುತ್ತರಕ್ಕೆ 4 ಅಂಕ. ತಪ್ಪಿದರೆ 1 ಅಂಕ ಕಳೆಯುತ್ತದೆ. ಪ್ರಶ್ನೆಯೊಂದಕ್ಕೆ ಒಂದು ನಿಮಿಷವೆಂದಾಯಿತು. ಆಂಧ್ರದ 'ಎಪ್‌ಸೆಟ್'ನಲ್ಲಿ ಅಷ್ಟೇ ಕಾಲದಲ್ಲಿ 160 ಪ್ರಶ್ನೆಗಳು. ಅಲ್ಲಿ ತಪ್ಪಿಗೆ ದಂಡವಿಲ್ಲ, ಆದಕಾರಣ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಇಂಥ ಲೆಕ್ಕಗಳನ್ನು ಮೊದಲೇ ತಿಳಿದವನಿಗೆ ಅರ್ಧ ಭಯ ಹೋಗುತ್ತದೆ. ಕತ್ತಲೆಯಲ್ಲಿ ಹಗ್ಗ ಹಾವಾಗಿ ಕಾಣುವುದು ದೀಪ ಹಚ್ಚುವತನಕ ಮಾತ್ರ.

ನಮ್ಮ ಮಕ್ಕಳಿಗೆ ಬೇರೆಯವರಿಗಿಲ್ಲದ ಒಂದು ತೊಡಕುಂಟು. ಗಿಡವು ಬೆಳಕಿನಿಂದ ಆಹಾರವನ್ನು ಸಿದ್ಧಪಡಿಸುವ ಕ್ರಿಯೆಯನ್ನು ಕನ್ನಡ ಪುಸ್ತಕವು ದ್ಯುತಿಸಂಶ್ಲೇಷಣೆ ಎನ್ನುತ್ತದೆ. ತೆಲುಗು ಪುಸ್ತಕವು ಕಿರಣಜನ್ಯ ಸಂಯೋಗಕ್ರಿಯೆ ಎನ್ನುತ್ತದೆ. ಇಂಗ್ಲಿಷಿನಲ್ಲಿ ಅದು ಫೋಟೋಸಿಂಥೆಸಿಸ್. ವೇಗೋತ್ಕರ್ಷವು ತೆಲುಗಿನಲ್ಲಿ ತ್ವರಣವಾಗಿ, ಇಂಗ್ಲಿಷಿನಲ್ಲಿ ಆಕ್ಸಿಲರೇಷನ್ ಆಗುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಇಂಟರ್‌ಮೀಡಿಯೆಟ್ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಬೇಕಾಗಿ ಬಂದ ಹುಡುಗನು ತನಗೆ ವಿಷಯವೇ ತಿಳಿಯದೆಂದು ಕುಗ್ಗುತ್ತಾನೆ. ಅವನಿಗೆ ವಿಷಯ ತಿಳಿದಿದೆ. ಅದರ ಇನ್ನೊಂದು ಹೆಸರು ತಿಳಿಯದು, ಅಷ್ಟೆ. ಈ ಭೇದವನ್ನು ಅವನಿಗೆ ಯಾರಾದರೂ ಹೇಳಬೇಕು. ಮೂರು ಅಂಕಣಗಳ ಒಂದು ಪುಸ್ತಕವನ್ನಿಟ್ಟು ದಿನಕ್ಕೆ ಹತ್ತು ಪದಗಳಂತೆ ಬರೆಯುತ್ತ ಹೋದರೆ, ವರ್ಷದೊಳಗೆ ಆ ಕೊರತೆ ತುಂಬುತ್ತದೆ.

2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತಿದೆ. ಕನ್ನಡವನ್ನು ಆರಿಸಿದವರಿಗೆ ಕನ್ನಡ, ಇಂಗ್ಲಿಷ್ ಎರಡೂ ಇರುವ ಪತ್ರಿಕೆ ಬರುತ್ತದೆ. ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಪ್ರಮಾಣ. ಆದರೆ ಗಡಿಯಾಚೆಯವರಾದ ನಾವು ಮರೆಯಬಾರದ ಮಾತೊಂದಿದೆ: ನಿಯಮದ ಪ್ರಕಾರ ಕನ್ನಡ ಪತ್ರಿಕೆ ದೊರೆತಿರುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕರ್ನೂಲನ್ನು ಕೇಂದ್ರವಾಗಿ ಆರಿಸಿ ಕನ್ನಡ ಪತ್ರಿಕೆಯನ್ನು ನಿರೀಕ್ಷಿಸಬಾರದು. ಬಳ್ಳಾರಿಯನ್ನೋ ರಾಯಚೂರನ್ನೋ ಆರಿಸಬೇಕು. ಎಪ್‌ಸೆಟ್‌ನಲ್ಲಿಯಾದರೋ ಇಂಗ್ಲಿಷ್, ತೆಲುಗು, ಉರ್ದುಗಳುಂಟು, ಕನ್ನಡವಿಲ್ಲ. ಎರಡನ್ನೂ ಬರೆಯುವವರು ಇಂಗ್ಲಿಷ್ ಪದಗಳನ್ನು ಹೇಗೂ ಕಲಿಯಬೇಕು. ಅರ್ಜಿ ತುಂಬುವ ರಾತ್ರಿ ಯೋಚಿಸುವ ವಿಷಯವಲ್ಲವಿದು. ಆಯಾ ವರ್ಷದ ಪ್ರಕಟಣೆಯನ್ನು ಓದಿ ತಿಂಗಳುಗಳ ಮೊದಲೇ ನಿರ್ಧರಿಸತಕ್ಕದ್ದು.

ಇನ್ನು ಉತ್ಸಾಹದ ವಿಚಾರ. ಕೋಸಿಗಿ, ಮಂತ್ರಾಲಯ, ಆದವಾನಿ ಕಡೆಯ ಎಷ್ಟೋ ಕುಟುಂಬಗಳು ಮಳೆ ಕೈಕೊಟ್ಟಾಗ ಮೆಣಸಿನಕಾಯಿ ಬಿಡಿಸುವುದಕ್ಕೆ ಗುಂಟೂರಿನ ಕಡೆಗೆ ವಲಸೆ ಹೋಗುತ್ತವೆ. ಅಜ್ಜಿಯೊಡನೆ ಉಳಿದ ಮಗು ತಾನೇ ಅಡುಗೆ ಮಾಡಿ, ನೀರು ತಂದು, ಓದಬೇಕು. ಅಂಥವರಿಗೆ "ಛಲವಿರಲಿ" ಎಂದು ಉಪದೇಶಿಸುವುದು ಸುಲಭ. ಛಲವು ಅವರಲ್ಲಿ ಸಾಕಷ್ಟಿದೆ. ಬೇಕಾದುದು ಕುಳಿತುಕೊಳ್ಳಲು ಸ್ಥಳ, ಬೆಳಕು, ಸಂದೇಹ ಕೇಳಲು ಒಬ್ಬ ಮೇಷ್ಟ್ರು. ವಿದ್ಯಾರ್ಥಿ ಮಿತ್ರರೇ, ರ‍್ಯಾಂಕು ನಿಮ್ಮ ಕೈಯಲ್ಲಿಲ್ಲ. ಬೇರೆ ಲಕ್ಷಾಂತರ ಮಂದಿ ಹೇಗೆ ಬರೆಯುವರೆಂಬುದರ ಮೇಲೂ ಅದು ನಿಂತಿದೆ. ಇಂದಿನ ಮೂವತ್ತು ಪ್ರಶ್ನೆಗಳು ನಿಮ್ಮ ಕೈಯಲ್ಲಿವೆ. ಕೈಯಲ್ಲಿರುವುದನ್ನು ಎಣಿಸುವವನಿಗೆ ದಿನವೂ ಒಂದು ಸಣ್ಣ ಗೆಲವುಂಟು. ಉತ್ಸಾಹವೆಂಬುದು ಅಂಥ ಗೆಲವುಗಳಿಂದಲೇ ಬೆಳೆಯುತ್ತದೆ.

ಓದುವ ರೀತಿಯಲ್ಲಿಯೂ ವಿವೇಕ ಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಪುಸ್ತಕವನ್ನು ಮುಚ್ಚಿ ನೆನಪಿನಿಂದ ಬರೆದು ನೋಡಿದವರಿಗೆ ಒಂದು ವಾರದ ಮೇಲೆ ಹೆಚ್ಚು ಉಳಿದಿತ್ತು. ಮುಚ್ಚಿದ ಪುಸ್ತಕದ ಮುಂದೆ ತಡವರಿಸುವುದು ದಡ್ಡತನದ ಗುರುತಲ್ಲ, ಅದೇ ಕಲಿಕೆ.

ಒತ್ತಡವು ಬುದ್ಧಿಯನ್ನು ನಾಶಮಾಡುವುದಿಲ್ಲ; ಬುದ್ಧಿ ನಿಲ್ಲಬೇಕಾದ ಜಾಗವನ್ನು ಚಿಂತೆಯಿಂದ ತುಂಬಿಬಿಡುತ್ತದೆ. 2011ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದ ರಮಿರೆಜ್ ಮತ್ತು ಬೈಲಾಕ್ ಎಂಬವರು ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತಮ್ಮ ಚಿಂತೆಗಳನ್ನು ಕಾಗದದ ಮೇಲೆ ಬರೆದ ಅಂಜುಬುರುಕ ವಿದ್ಯಾರ್ಥಿಗಳು ಉತ್ತಮವಾಗಿ ಬರೆದರೆಂದು ಕಂಡುಬಂತು. ಖರ್ಚಿಲ್ಲದ ಉಪಾಯವಿದು, ಹೊರಡುವ ಮುನ್ನ ಮನೆಯಲ್ಲಿಯೇ ಮಾಡಬಹುದು. ನೀಟ್ ಪರೀಕ್ಷೆ ಸಾಮಾನ್ಯವಾಗಿ ಮೇ ತಿಂಗಳ ಮಧ್ಯಾಹ್ನ ನಡೆಯುತ್ತ ಬಂದಿದೆ. ನಮ್ಮ ಬಿಸಿಲು ನಿಮಗೆ ಗೊತ್ತು. ಕೊನೆಯ ವಾರಗಳಲ್ಲಿ ಮಾದರಿ ಪರೀಕ್ಷೆಯನ್ನು ಆ ಹೊತ್ತಿನಲ್ಲಿಯೇ ಬರೆದು ರೂಢಿಮಾಡಿಕೊಳ್ಳಿ. ಬಳ್ಳಾರಿಗೋ ರಾಯಚೂರಿಗೋ ಹಿಂದಿನ ದಿನವೇ ಹೋಗಿ ತಂಗಿರಿ. ಮೊದಲ ಸುತ್ತಿನಲ್ಲಿ ಬಂದುದನ್ನೆಲ್ಲ ಬರೆದು, ಬಾರದುದನ್ನು ಎರಡನೆಯ ಸುತ್ತಿಗೆ ಬಿಡಿ. ಒಂದು ಪ್ರಶ್ನೆ ತಪ್ಪಿತೆಂದು ಮುಂದಿನ ಹತ್ತನ್ನು ಅದಕ್ಕೆ ಬಲಿಕೊಡಬೇಡಿ.

ಈಗ ಹಿರಿಯರಿಗೆ ಎರಡು ಮಾತು. ಕನ್ನಡದ ಮಾನವನ್ನು ಹದಿನೇಳು ವರ್ಷದ ಮಕ್ಕಳ ತಲೆಯ ಮೇಲೆ ಇಡಬೇಡಿ. ತೆಲುಗು ಶಾಲೆಯ ಹುಡುಗ ಅನುತ್ತೀರ್ಣನಾದರೆ ತೆಲುಗು ಸೋತಿತೆಂದು ಯಾರೂ ಅನ್ನುವುದಿಲ್ಲ. ನಮ್ಮ ಹುಡುಗಿ ಹಿಂದೆ ಬಿದ್ದರೆ ಕನ್ನಡ ಸೋತಿತೆಂದು ನಾವೇಕೆ ಅನ್ನಬೇಕು? ಭಾಷೆಯನ್ನು ಉಳಿಸುವುದು ದೊಡ್ಡವರಾದ ನಮ್ಮ ಕೆಲಸ. ಎರಡನೆಯ ದಾರಿಯನ್ನು ಮೊದಲೇ ತೋರಿಸಿಡಿ. ಗಡಿನಾಡು, ಹೊರನಾಡು ಕನ್ನಡಿಗರಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಕನ್ನಡ ಭಾಷಾ ಪರೀಕ್ಷೆಯನ್ನು ನಡೆಸುತ್ತ ಬಂದಿದೆ; ಅರ್ಹತೆಯ ನಿಬಂಧನೆಗಳನ್ನು ಆಯಾ ವರ್ಷದ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಕೃಷಿ, ಪಶುವೈದ್ಯ, ಶುಶ್ರೂಷೆ, ಶಿಕ್ಷಣ ಇವೂ ಗೌರವದ ವೃತ್ತಿಗಳೇ. ಎರಡನೆಯ ಬಾಗಿಲು ಕಂಡವನು ಮೊದಲನೆಯದನ್ನು ನಡುಗದ ಕೈಯಿಂದ ತಟ್ಟುತ್ತಾನೆ. ನಿದ್ದೆ ಕೆಟ್ಟು, ಊಟ ಬಿಟ್ಟು, ಬದುಕೇ ಬೇಡವೆನ್ನುವ ಮಾತು ಮಗುವಿನ ಬಾಯಿಂದ ಬಂದರೆ ಅದನ್ನು ಸೋಮಾರಿತನವೆಂದೋ ನಾಟಕವೆಂದೋ ತಳ್ಳಿಬಿಡಬೇಡಿ. ಕೂಡಲೇ ಹತ್ತಿರ ಕುಳಿತು ಕೇಳಿ, ಒಂಟಿಯಾಗಿ ಬಿಡಬೇಡಿ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಸಂಘಕ್ಕೆ ನನ್ನ ಸೂಚನೆ ಸರಳವಾದುದು. ಮೂರು ಭಾಷೆಗಳ ಪದಪಟ್ಟಿಯೊಂದನ್ನು ಅಚ್ಚು ಹಾಕಿಸಿರಿ. ಸಂಜೆ ದೀಪವಿರುವ ಒಂದು ಕೋಣೆಯನ್ನು ತೆರೆದಿಡಿ. ಅರ್ಜಿ ತುಂಬುವ ಕಾಲಕ್ಕೆ ತಿಳಿದವರೊಬ್ಬರು ಅಲ್ಲಿ ಕುಳಿತಿರಲಿ. ಕೇಂದ್ರಕ್ಕೆ ಹೋಗುವ ಬಡಮಕ್ಕಳ ಬಸ್ಸಿನ ಖರ್ಚನ್ನು ಸಂಘವೇ ವಹಿಸಲಿ. ಈ ನಾಲ್ಕು ಆದರೆ, ಹಾರತುರಾಯಿಗಳ ಸನ್ಮಾನ ಒಂದು ವರ್ಷ ನಿಂತರೂ ನಷ್ಟವಿಲ್ಲ.

ಪರೀಕ್ಷೆಯ ಹಿಂದಿನ ರಾತ್ರಿ ತಾಯಿತಂದೆಗಳು ಆಡಬೇಕಾದ ಮಾತು ನಮ್ಮ ಸೀಮೆಯ ಆಡುನುಡಿಯಲ್ಲಿಯೇ ಇದೆ: "ನೀ ಓದೀದಿ, ಬಂದಷ್ಟು ಬರಿ. ಹೆಂಗಾದ್ರೂ ಸರಿ, ಉಣ್ಣಾಕ ಮನಿಗೆ ಬಾ." ಇಷ್ಟನ್ನು ನಂಬುವಂತೆ ಹೇಳಬಲ್ಲ ಮನೆಗಳು ಹೆಚ್ಚಲೆಂದು ಹಾರೈಸುತ್ತೇನೆ.